ಏಳುನೂರ ಐವತ್ತರ ನಿದ್ದೆ

ಮನೆ ಕೊಳ್ಳಬೇಕಾದರೆ ಮೊದಲು ನಿದ್ದೆ ಮಾಡಿ ತೋರಿಸಬೇಕು ಎಂಬ ನಿಯಮ ಬಂದ ವರ್ಷವೇ ನಾನು ಗದಗಿನ ದಿಂಬಿನ ಮನೆಯಲ್ಲಿ ಕೆಲಸಕ್ಕೆ ಸೇರಿದೆ. ಬಾಗಿಲ ಮೇಲೆ 'ವಸತಿ ವಿಶ್ವಾಸ ಮಂಡಳಿ, ಅಂಕ ನಿರ್ಣಯ ಕೇಂದ್ರ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರೂ ಊರಿನಲ್ಲಿ ಯಾರೂ ಹಾಗೆ ಕರೆಯಲಿಲ್ಲ. ಆಟೋದವರಿಗೆ ದಿಂಬಿನ ಮನೆ ಎಂದರೆ ಮಾತ್ರ ತಿಳಿಯುತ್ತಿತ್ತು.

ಅದಕ್ಕೂ ಮೊದಲು ಕ್ರೆಡಿಟ್ ಸ್ಕೋರು ಎಂಬುದು ಕಾಗದಪತ್ರದಲ್ಲಿತ್ತು. ಯಾರು ಯಾವ ಕಂತನ್ನು ಯಾವ ತಾರೀಖಿಗೆ ಕಟ್ಟಿದರು ಎಂದು ನೋಡಿ ಮುನ್ನೂರರಿಂದ ಒಂಬೈನೂರರೊಳಗೆ ಒಂದು ಸಂಖ್ಯೆ ಕೊಡುತ್ತಿದ್ದರು. ಜನ ಬುದ್ಧಿವಂತರಾದರು. ಸಂಖ್ಯೆಯನ್ನು ಬೆಳೆಸಿಕೊಡುವ ಅಂಗಡಿಗಳು ಬೀದಿಗೊಂದು ಹುಟ್ಟಿಕೊಂಡವು. ಕೊನೆಗೆ ಎಂಟುನೂರು ಅಂಕದ ಮಹಾಶಯರು ಸಾಲ ಮುಳುಗಿಸಿ ಓಡಿಹೋಗುವುದೂ, ಹುಟ್ಟಿದಾಗಿನಿಂದ ಯಾರಿಗೂ ಒಂದು ಪೈಸೆ ಮೋಸ ಮಾಡದವರಿಗೆ ಅಂಕವೇ ಇಲ್ಲದಿರುವುದೂ ದಿನನಿತ್ಯದ ಸುದ್ದಿಯಾಯಿತು.

ಆಗ ಡಾ. ಕಡಕೋಳ ಮೇಡಂ ಒಂದು ಸಂಗತಿ ಕಂಡುಹಿಡಿದರು. ನಾವು ಮಲಗಿದಾಗ ಮಿದುಳು ಮಲಗುವುದಿಲ್ಲ. ಯಾರಿಂದ ಏನು ಪಡೆದೆವು, ಯಾರಿಗೆ ಏನು ಕೊಟ್ಟೆವು ಎಂದು ಒಂದೊಂದಾಗಿ ಎತ್ತಿ ನೋಡಿ ಇಡುತ್ತದೆ. ಪಡೆದದ್ದು ನೆನಪಾದಾಗ ಒಂದು ಬಗೆಯ ಅಲೆ ಏಳುತ್ತದೆ, ಕೊಟ್ಟದ್ದು ನೆನಪಾದಾಗ ಇನ್ನೊಂದು ಬಗೆಯದು. ಎಚ್ಚರದಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಈ ಅಲೆಗಳಿಗೆ ಸುಳ್ಳು ಬರುವುದಿಲ್ಲ. ಮೇಡಂ ಬೂರುಗದ ಹತ್ತಿಯ ದಿಂಬಿನೊಳಗೆ ಕೂದಲಿಗಿಂತ ತೆಳ್ಳಗಿನ ತಂತಿಗಳನ್ನು ಹೊಲಿಸಿದರು. ಪಕ್ಕದ ಕೋಣೆಯ ಪರದೆಯ ಮೇಲೆ ಪಡೆದದ್ದಕ್ಕೆ ನೀಲಿ ಗೆರೆ, ಕೊಟ್ಟದ್ದಕ್ಕೆ ಹಳದಿ ಗೆರೆ ಮೂಡುತ್ತಿತ್ತು. ಗೆರೆ ದಪ್ಪವಿದ್ದಷ್ಟೂ ಆ ವ್ಯವಹಾರ ಹಳೆಯದು. ಕನಸಿನ ಚಿತ್ರ ಮಾತ್ರ ನಮಗೆ ಕಾಣುತ್ತಿರಲಿಲ್ಲ. ಅದು ಮಲಗಿದವರ ಸ್ವಂತದ್ದು ಎಂದು ಮೇಡಂ ಮೊದಲ ದಿನವೇ ನಮಗೆಲ್ಲ ತಾಕೀತು ಮಾಡಿದ್ದರು.

ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹನ್ನೆರಡು ಮಂಚಗಳ ಮೇಲೆ ಹನ್ನೆರಡು ಜನ ಮಲಗುತ್ತಿದ್ದರು. ರೊಟ್ಟಿ ಉಂಡು ಬಂದಿರುತ್ತಿದ್ದರು, ನಿದ್ದೆಗೆ ಬರವಿರಲಿಲ್ಲ. ಕಿಟಕಿಗೆ ಒದ್ದೆ ಲಾವಂಚದ ಪರದೆ, ಮೇಲೆ ನಿಧಾನವಾಗಿ ತಿರುಗುವ ಫ್ಯಾನು. ನಲವತ್ತು ನಿಮಿಷ ಊರಿಗೆ ಊರೇ ಉಸಿರು ಹಿಡಿದು ನಿಂತಂತೆ ಅನಿಸುತ್ತಿತ್ತು. ಏಳುನೂರ ಐವತ್ತು ಬಂದರೆ ಮನೆ ಸಾಲ, ಇಲ್ಲದಿದ್ದರೆ ಬಾಡಿಗೆ ಮನೆ. ವರ್ಷಕ್ಕೆ ಮೂರೇ ನಿದ್ದೆ.

ಊರು ಹೊಂದಿಕೊಂಡ ಬಗೆ ನೋಡಬೇಕಿತ್ತು. ನಿದ್ದೆಯ ಹಿಂದಿನ ವಾರ ಜನ ಕೈಯಲ್ಲಿ ಏನೇನೋ ಹಿಡಿದುಕೊಂಡು ಬೀದಿ ಬೀದಿ ಅಲೆಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಒಯ್ದ ಕೊಡೆ, ಮದುವೆಗೆಂದು ಒಯ್ದ ಹಂಡೆ, ಎರಡು ಪುಟ ಹರಿದ ಪುಸ್ತಕ, ಎಲ್ಲವೂ ಮಾಲೀಕರ ಮನೆಗೆ ಹೊರಟವು. ನಮ್ಮ ಸೋದರಮಾವನಂತೂ ಒಬ್ಬರಿಂದ ಏಣಿ ತಂದು ಇಪ್ಪತ್ತು ವರ್ಷವಾಗಿತ್ತು. ಕೊಡಲು ಹೋದರೆ ಆ ಮನೆಯೇ ಇರಲಿಲ್ಲವಂತೆ. ಏಣಿ ಹೊತ್ತುಕೊಂಡೇ ವಾಪಸು ಬಂದು ಅಂಗಳದಲ್ಲಿ ಕುಳಿತು ಅತ್ತ.

ಈಗ ನಮ್ಮ ಮನೆಯ ವಿಷಯ. ನಾನು ಬಸವಂತ, ಹೆಂಡತಿ ಕಸ್ತೂರಿ. ಬೆಟಗೇರಿಯ ಒಂದು ಚಾಳದಲ್ಲಿ ಹನ್ನೆರಡು ವರ್ಷದಿಂದ ಬಾಡಿಗೆಗಿದ್ದೆವು. ಚಾಳದ ಮಾಲೀಕನಿಗೆ ಗೋಡೆಗೆ ಮೊಳೆ ಹೊಡೆದರೆ ಸ್ವಂತ ಮೈಗೆ ಹೊಡೆದಷ್ಟು ನೋವು. ಹೀಗಾಗಿ ನಮ್ಮ ಮದುವೆಯ ಫೋಟೋ ಹನ್ನೆರಡು ವರ್ಷವೂ ಟ್ರಂಕಿನ ಮೇಲೆ ಗೋಡೆಗೆ ಒರಗಿಕೊಂಡೇ ನಿಂತಿತ್ತು. ಬೆಕ್ಕು ಓಡಾಡಿದಾಗೆಲ್ಲ ನಾವಿಬ್ಬರೂ ಬೋರಲು ಬೀಳುತ್ತಿದ್ದೆವು. ಕಸ್ತೂರಿ ಎತ್ತಿ ನಿಲ್ಲಿಸಿ, ಸೆರಗಿನಿಂದ ಒರೆಸಿ, "ನಮಗೂ ಒಂದು ಗ್ವಾಡಿ ಬರ್ತೈತಿ ತಡೀರಿ" ಎಂದು ಫೋಟೋದಲ್ಲಿದ್ದ ನನಗೆ ಹೇಳುತ್ತಿದ್ದಳು.

ನಾನು ಕೆಲಸಕ್ಕೆ ಸೇರಿ ಐದು ವರ್ಷವಾದಾಗ ಮಾಲೀಕ ಚಾಳ ಕೆಡವಿ ಅಂಗಡಿ ಸಾಲು ಕಟ್ಟಿಸುತ್ತೇನೆಂದ. ದೀಪಾವಳಿಯೊಳಗೆ ಎಲ್ಲರೂ ಖಾಲಿ ಮಾಡಬೇಕು. ಮಂಡಳಿಯ ಹೊಸ ಕಾಲನಿಯಲ್ಲಿ ಹದಿನೇಳನೇ ನಂಬರಿನ ಮನೆ ನಮ್ಮ ಹೆಸರಿಗೆ ಬರುವಂತಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಮಂಡಳಿಯ ನೌಕರರ ನಿದ್ದೆ ಲೆಕ್ಕಕ್ಕಿಲ್ಲ, ನಾವು ಯಂತ್ರ ಬಲ್ಲವರಲ್ಲವೇ. ಆದ್ದರಿಂದ ಕಸ್ತೂರಿಯೇ ಮಲಗಬೇಕಾಯಿತು. ಮೊದಲ ನಿದ್ದೆಗೆ ಏಳುನೂರ ಮೂವತ್ತೊಂದು ಬಂತು. ಇನ್ನು ಹತ್ತೊಂಬತ್ತು ಅಂಕ ಬೇಕು.

ಹೆಂಡತಿಯ ಗೆರೆಯನ್ನು ನಾನು ನೋಡಬಾರದು. ಅದು ಕಟ್ಟುನಿಟ್ಟಿನ ನಿಯಮ. ನಾನು ನೋಡಿದೆ. ಮೇಡಂ ಚಹಾಕ್ಕೆ ಹೋದಾಗ ಫೈಲು ತೆರೆದೆ. ಸಣ್ಣಪುಟ್ಟ ಗೆರೆಗಳ ನಡುವೆ ಒಂದು ನೀಲಿ ಗೆರೆ ಕೈಬೆರಳಿನಷ್ಟು ದಪ್ಪವಾಗಿ ಮಲಗಿತ್ತು. ಹನ್ನೆರಡು ವರ್ಷದ್ದು. ಇನ್ನೂ ಮುಗಿದಿರಲಿಲ್ಲ. ಓಹೋ, ಇಷ್ಟು ಹಳೆಯ ಬಾಕಿ ಇಟ್ಟುಕೊಂಡರೆ ಅಂಕ ಎಲ್ಲಿಂದ ಬರಬೇಕು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಐದು ವರ್ಷ ಗೆರೆ ನೋಡಿದವನೆಂಬ ಜಂಬ ಬೇರೆ.

"ಹನ್ನೆರಡು ವರ್ಷದಿಂದ ಯಾರದ್ದು ಏನು ಇಟ್ಕೊಂಡಿ ಹೇಳು" ಎಂದೆ ಮನೆಗೆ ಬಂದವನೇ.

"ಅಯ್ಯ, ನಾ ಯಾರದ್ದು ಇಟ್ಕೊಳ್ಳಿ? ಎಲ್ಲಾ ಹೋದ ವಾರನ ಕೊಟ್ಟು ಬಂದೇನಿ. ಪಾರವ್ವನ ಶ್ಯಾವಿಗಿ ಮಣಿನೂ ಕೊಟ್ಟೆ."

"ಮತ್ತೇನೂ ಉಳದಿಲ್ಲ?"

ಅವಳು ಅಡುಗೆಮನೆಯ ಕಡೆ ನೋಡಿದಳು. ಹಲಗೆಯ ಮೇಲೆ ಒಂದು ಸ್ಟೀಲಿನ ಡಬ್ಬಿ ಇತ್ತು. ಒಂದು ಬದಿ ತಗ್ಗಾಗಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ದಾವಲಬಿ' ಎಂದು ಹೆಸರು ಕೊರೆಸಿತ್ತು.

ದಾವಲಬಿ ಅಕ್ಕ ನಮ್ಮ ಪಕ್ಕದ ಖೋಲಿಯವರು. ಗಂಡ ತೀರಿಕೊಂಡಿದ್ದರು, ಹಳೆಯ ಸೀರೆಗಳಿಂದ ಕೌದಿ ಹೊಲಿದು ಜೀವನ ಮಾಡುತ್ತಿದ್ದರು. ನಾವು ಚಾಳಕ್ಕೆ ಬಂದ ಮೊದಲ ದಿನ ಆ ಡಬ್ಬಿಯಲ್ಲಿ ಒಂದು ಪೊಟ್ಟಣ ಸಕ್ಕರೆ, ಒಂದು ಪೊಟ್ಟಣ ಚಹಾಪುಡಿ ಹಾಕಿ ತಂದುಕೊಟ್ಟಿದ್ದರು. ಕಸ್ತೂರಿ ಅದನ್ನು ತೊಳೆದು ಹಚ್ಚಿದ ಅವಲಕ್ಕಿ ತುಂಬಿ ವಾಪಸು ಕೊಟ್ಟಳು. ಪಾತ್ರೆಯನ್ನು ಖಾಲಿ ಕೊಡಬಾರದಲ್ಲ. ಅಕ್ಕನೂ ಖಾಲಿ ಕೊಡುವವರಲ್ಲ, ನಾಲ್ಕು ದಿನ ಬಿಟ್ಟು ಶೇಂಗಾ ತುಂಬಿದರು. ಹೀಗೆ ಆ ಡಬ್ಬಿ ಹನ್ನೆರಡು ವರ್ಷ ಆಚೆಗೂ ಈಚೆಗೂ ಓಡಾಡಿತ್ತು. ಈಗ ನಮ್ಮ ಸರದಿ. ಕಸ್ತೂರಿ ಗುರೆಳ್ಳು ಚಟ್ನಿ ಕುಟ್ಟಿದ ಮೇಲೆ ಕೊಡೋಣವೆಂದು ಕಾಯುತ್ತಿದ್ದಳು.

"ಇದ ನೋಡು" ಎಂದೆ. "ಇದನ್ನ ತೊಳದು ಖಾಲಿ ಕೊಟ್ಟು ಬಾ."

"ಖಾಲಿ ಹೆಂಗ ಕೊಡೂದ್ರೀ? ಯಾರರ ಕೊಡ್ತಾರೇನು?"

"ಏನರ ಹಾಕಿ ಕೊಟ್ಟಿ ಅಂದ್ರ ಆಕಿ ಮತ್ತ ತುಂಬಿ ಕೊಡ್ತಾಳ. ಲೆಕ್ಕ ಮುಗಿಯಂಗಿಲ್ಲ."

"ಮುಗೀಬೇಕು ಅಂತ ಯಾರು ಅಂದಾರ?"

"ದಿಂಬು ಅಂದೈತಿ" ಎಂದೆ ನಾನು, ದಿಂಬು ನನ್ನ ಕಿವಿಯಲ್ಲೇ ಹೇಳಿದಂತೆ.

ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಫೋಟೋ ಮತ್ತೆ ಬೋರಲು ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಿದಳು, ಡಬ್ಬಿ ತೊಳೆದಳು, ಒಳಗೆ ಒಂದು ಹನಿ ನೀರೂ ಇಲ್ಲದಂತೆ ಒರೆಸಿ ಪಕ್ಕದ ಖೋಲಿಗೆ ಒಯ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ದಾವಲಬಿ ಅಕ್ಕ ಕೌದಿಯ ನಡುವೆ ಕುಳಿತಿದ್ದರು. ರೂಢಿಯಂತೆ ಡಬ್ಬಿ ತೆಗೆದುಕೊಂಡು ಮುಚ್ಚಳ ತೆಗೆದು ನೋಡಿದರು. ಸ್ವಲ್ಪ ಹೊತ್ತು ಒಳಗೇ ನೋಡುತ್ತಿದ್ದರು. ಆಮೇಲೆ ಮುಚ್ಚಳ ಹಾಕಿ, "ಆತವಾ" ಎಂದರು. ಅಷ್ಟೇ ಅಂದರು.

ಮರುದಿನದಿಂದ ಆ ಡಬ್ಬಿ ಅವರ ಕಿಟಕಿಯ ಕಟ್ಟೆಯ ಮೇಲೆ ಬೋರಲು ಕುಳಿತಿತ್ತು. ಕಸ್ತೂರಿ ನೀರು ತರಲು ಆ ಕಿಟಕಿಯ ಮುಂದೆ ಹೋಗುವುದನ್ನು ಬಿಟ್ಟು ಸುತ್ತು ಹಾಕಿ ಹೋಗತೊಡಗಿದಳು.

ಎರಡನೆಯ ನಿದ್ದೆಗೆ ಅಂಕ ಏಳುನೂರ ಎರಡಕ್ಕೆ ಇಳಿಯಿತು.

ನಾನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಯಂತ್ರ ಕೆಟ್ಟಿದೆ ಎಂದು ಮೇಡಂ ಹತ್ತಿರ ಜಗಳಕ್ಕೇ ಹೋದೆ. ಜಗಳದ ನಡುವೆ ಬಾಯಿ ಜಾರಿ ಹಳೆಯ ಗೆರೆಯ ವಿಷಯ ಬಂದುಬಿಟ್ಟಿತು. ಕಡಕೋಳ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಫೈಲ್ ತಗದು ನೋಡೀರಿ?"

ನಾನು ಎಲ್ಲವನ್ನೂ ಹೇಳಿದೆ. ಡಬ್ಬಿಯ ಕಥೆಯನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರದೆಯ ಮೇಲೆ ಕಸ್ತೂರಿಯ ಮೊದಲ ನಿದ್ದೆ ತೆರೆದು ಆ ನೀಲಿ ಗೆರೆಯನ್ನು ದೊಡ್ಡದು ಮಾಡಿದರು. ದೊಡ್ಡದು ಮಾಡುತ್ತಾ ಹೋದಂತೆ ಅದು ಒಂದು ಗೆರೆಯಲ್ಲ ಎಂದು ಕಂಡಿತು. ನೀಲಿ ಎಳೆ, ಹಳದಿ ಎಳೆ, ಮತ್ತೆ ನೀಲಿ, ಮತ್ತೆ ಹಳದಿ, ಹೆಣ್ಣುಮಕ್ಕಳ ಜಡೆಯಂತೆ ಹೆಣೆದುಕೊಂಡಿದ್ದವು. ಆ ದಿನ ಡಬ್ಬಿ ನಮ್ಮ ಕಡೆ ಇದ್ದುದರಿಂದ ನೀಲಿ ಮೇಲೆ ಬಂದಿತ್ತು.

"ಬಾಕಿ ಎಷ್ಟದ ಅಂತ ದಿಂಬು ನೋಡಂಗಿಲ್ಲರೀ ಬಸವಂತ. ಎಷ್ಟು ವರ್ಷದಿಂದ ನಡದದ ಅಂತ ನೋಡ್ತದ. ಹಿಂದಕ ಕಾಗದದ ಸ್ಕೋರಿನಾಗೂ ಹಿಂಗ ಇತ್ತು. ಜನ ಎಲ್ಲಾಕ್ಕಿಂತ ಹಳೇ ಖಾತೆ ಮುಚ್ಚಿ ಬರತಿದ್ರು, ಅಂಕ ಇಳೀತಿತ್ತು, ಬ್ಯಾಂಕಿನಾಗ ಹೋಗಿ ಅಳತಿದ್ರು. ನಿಮ್ಮ ಮನಿಯವರ ಅಂಕಕ್ಕ ಈ ಗೆರೀನ ಆಸರ ಇತ್ತು. ಅದನ್ನ ನೀವು ಕಡದೀರಿ."

ಆಮೇಲೆ ಹೆಸರು ಮುಚ್ಚಿದ ಇನ್ನೊಂದು ಫೈಲು ತೆರೆದರು. ಹನ್ನೆರಡು ವರ್ಷದ್ದೇ ಗೆರೆ, ಅದೇ ವಾರ ಕಡಿದುಹೋಗಿತ್ತು. ಏಳುನೂರ ನಲವತ್ತೈದಿದ್ದ ಅಂಕ ಏಳುನೂರ ಹತ್ತಕ್ಕೆ ಬಂದಿತ್ತು.

"ಗೆರಿಗೆ ಎರಡು ತುದಿ ಇರ್ತಾವ" ಎಂದರು ಮೇಡಂ.

ಹೆಸರು ಕೇಳಬೇಕಾಗಿರಲಿಲ್ಲ. ಅದೇ ಕಾಲನಿಯಲ್ಲಿ ಇಪ್ಪತ್ತೆರಡನೇ ನಂಬರಿನ ಒಂಟಿ ಕೋಣೆಗೆ ದಾವಲಬಿ ಅಕ್ಕ ಅರ್ಜಿ ಹಾಕಿದ್ದು ನನಗೆ ಗೊತ್ತಿತ್ತು. ನನಗೆ ನಿಂತಲ್ಲೇ ನಾಚಿಕೆಯಾಯಿತು. ಹೆಂಡತಿಯ ಮನೆ ಕೆಡಿಸಿದ್ದಲ್ಲದೆ ಪಕ್ಕದ ವಿಧವೆಯ ಮನೆಯನ್ನೂ ಕೆಡಿಸಿದ್ದೆ.

"ಈಗ ಹೋಗಿ ಇಬ್ಬರಿಗೂ ಹೇಳ್ತೀನ್ರಿ ಮೇಡಂ. ಡಬ್ಬಿ ತುಂಬಿ ಕೊಡು ಅಂತೀನಿ."

"ಹೇಳಿದ್ರ ಮುಗೀತು. ಆಮ್ಯಾಲ ಡಬ್ಬಿ ಅಂಕಕ್ಕ ಹೋಗ್ತದ, ಅಕ್ಕನ ಕಡೆ ಹೋಗಂಗಿಲ್ಲ. ಅಂಥಾದಕ್ಕ ಹಳದಿ ಗೆರೀನ ಏಳಂಗಿಲ್ಲ. ಇಪ್ಪತ್ತೆಂಟಕ್ಕ ಇಬ್ಬರದೂ ಕಡೀ ನಿದ್ದಿ. ಅಲ್ಲೀತನಕ ಬಾಯಿ ಮುಚ್ಚಿಕೊಂಡು ಇರ್ರಿ. ಮತ್ತ ನಾಳಿಯಿಂದ ನಿಮ್ಮ ಡ್ಯೂಟಿ ದಿಂಬಿನ ಗವಸು ಒಗಿಯೂದು."

ಹೀಗೆ ನಾನು ಗೆರೆಯ ಕೋಣೆಯಿಂದ ಹಿತ್ತಲಿನ ಕಲ್ಲಿಗೆ ಬಂದೆ. ದಿನಕ್ಕೆ ಹನ್ನೆರಡು ಗವಸು. ಒಗೆಯುವುದು ಕಷ್ಟವಾಗಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾಯಿತು. ಒಂಬತ್ತು ದಿನ. ನನ್ನಂಥ ವಾಚಾಳಿಗೆ ಒಂಬತ್ತು ವರ್ಷ. ಸಂಜೆ ಮನೆಗೆ ಬಂದರೆ ಕಿಟಕಿಯ ಮೇಲೆ ಆ ಡಬ್ಬಿ ಬೋರಲೇ ಇರುತ್ತಿತ್ತು. ಕಸ್ತೂರಿ ಸರಿಯಾಗಿ ಉಣ್ಣುತ್ತಿರಲಿಲ್ಲ. "ಇನ್ನೂ ಏನೋ ಬಾಕಿ ಇಟ್ಟೀನಿ ಅನಸ್ತೈತಿ. ಏನಂತ ತಿಳೀವಲ್ದು" ಎಂದು ಮನೆಯ ಒಂದೊಂದೇ ಪಾತ್ರೆ ತಿರುಗಿಸಿ ಹೆಸರು ಓದುತ್ತಿದ್ದಳು. ನಾನು ಗೋಡೆ ನೋಡುತ್ತಾ ಕೂರುತ್ತಿದ್ದೆ.

ಆರನೆಯ ದಿನ ಮನೆ ತುಂಬ ಹುರಿದ ಗುರೆಳ್ಳಿನ ವಾಸನೆ ಇತ್ತು. ಕಸ್ತೂರಿ ಕುಟ್ಟಿದ ಚಟ್ನಿಯನ್ನು ಒಂದು ಡಬ್ಬಿಗೆ ತುಂಬುತ್ತಿದ್ದಳು. ಅವಳ ತವರಿನ ಡಬ್ಬಿ, ಅವಳದೇ ಹೆಸರು ಕೊರೆಸಿದ್ದು.

"ಅಕ್ಕನ ಕಡೆ ಹೊಂಟೇನ್ರಿ" ಎಂದಳು. "ನೀವು ಬೈರಿ, ಏನರ ಮಾಡ್ರಿ. ಅಂಕ ಇನ್ನೂ ಇಳದ್ರ ಇಳೀಲಿ. ಮನಿ ಹೋದ್ರ ಹೋಗ್ಲಿ, ಮತ್ತೊಂದು ಬಾಡಿಗಿ ಮನಿ ನೋಡೂಣು. ಆ ಡಬ್ಬಿಗೆ ಹೆದರಿ ಸುತ್ತು ಹಾಕಿ ನೀರು ತರೂದು ನನ್ನ ಕೈಲೆ ಆಗವಲ್ದು."

ಅವಳ ಕಣ್ಣು ತುಂಬಿದ್ದವು. ಹನ್ನೆರಡು ವರ್ಷ ಕಾದ ಗೋಡೆಯನ್ನು ಬಿಟ್ಟುಕೊಟ್ಟು ಅವಳು ಹೊರಟಿದ್ದಳು. ಹಾಗೆ ಮಾಡಬೇಕಾಗಿಲ್ಲ, ಇದರಿಂದ ಅಂಕ ಏರುತ್ತದೆ ಎಂದು ಒಂದು ಮಾತು ಹೇಳಿದ್ದರೆ ಅವಳ ಎದೆ ಹಗುರಾಗುತ್ತಿತ್ತು. ಹೇಳಿದರೆ ಎಲ್ಲವೂ ಹಾಳಾಗುತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡು "ಹೂಂ" ಎಂದೆ.

ಚಾಳದ ಗೋಡೆ ತೆಳು. ಎಲ್ಲ ಕೇಳಿಸುತ್ತಿತ್ತು.

"ಇದು ನನ್ನ ಡಬ್ಬಿ ಅಲ್ಲಲ್ಲವಾ" ಎಂದರು ದಾವಲಬಿ ಅಕ್ಕ.

"ನಿಮ್ದು ನಿಮ್ಮ ಹಂತೇಕ ಐತ್ರಿ. ಇದು ನಂದು."

ಮುಚ್ಚಳ ತೆಗೆದ ಸದ್ದಾಯಿತು.

"ಅವತ್ತು ಮುಚ್ಚಳ ತಗದು ನೋಡಿದಾಗ ನನ್ನ ಎದಿ ಝಲ್ ಅಂತು ಕಸ್ತೂರವ್ವ. ನಾ ಏನು ತಪ್ಪು ಮಾಡೇನಿ ಅಂತ ದಿನಾ ವಿಚಾರ ಮಾಡಿದೆ. ಮನಿ ಸಿಕ್ಕತೇನೋ, ಇನ್ನ ಈಕಿಗೆ ನನ್ನ ಹಂಗು ಬ್ಯಾಡ ಅಂತ ತಿಳಕೊಂಡೆ."

"ಅಕ್ಕಾ, ತಪ್ಪಾತ್ರಿ."

"ನನ್ನ ಅಂಕನೂ ಇಳದಾವ ನೋಡು. ಯಾಕ ಅಂತ ಆ ದೇವರಿಗೆ ಗೊತ್ತು. ಇರಲಿ. ಆದ್ರ ನಿನ್ನ ಡಬ್ಬಿ ನಾ ಖಾಲಿ ಕೊಡಂಗಿಲ್ಲ, ಈಗ ಹೇಳೇನಿ."

"ಕೊಡಬ್ಯಾಡ್ರಿ ಅಕ್ಕಾ" ಎಂದಳು ಕಸ್ತೂರಿ, ಅಳುತ್ತಲೋ ನಗುತ್ತಲೋ. ಗೋಡೆಯ ಈಚೆ ನಾನು ಕಣ್ಣೊರೆಸಿಕೊಂಡೆ.

ಇಪ್ಪತ್ತೆಂಟರ ಮಧ್ಯಾಹ್ನ ಇಬ್ಬರೂ ಒಂದೇ ಆಟೋದಲ್ಲಿ ಬಂದರು. ನಾಲ್ಕನೇ ಮಂಚ ಕಸ್ತೂರಿಯದು, ಏಳನೆಯದು ದಾವಲಬಿ ಅಕ್ಕನದು. ನಾನೇ ಒಗೆದ ಗವಸುಗಳು. ಪರದೆಯ ಕೋಣೆಗೆ ನನಗೆ ಪ್ರವೇಶವಿಲ್ಲ. ಮಲಗುವ ಕೋಣೆಯ ಗಾಜಿನ ಹೊರಗೆ ನಿಲ್ಲಲು ಮೇಡಂ ಬಿಟ್ಟಿದ್ದರು.

ಲಾವಂಚದ ಪರದೆಯಿಂದ ಸೋಸಿದ ಬೆಳಕು ಹಸಿರಾಗಿ ಕೋಣೆಯಲ್ಲಿ ತೇಲುತ್ತಿತ್ತು. ಹನ್ನೆರಡು ಜನರ ಉಸಿರು ನಿಧಾನವಾಗಿ ಒಂದೇ ಲಯಕ್ಕೆ ಬಂತು. ಗೆರೆ ನೋಡಿ ನೋಡಿ ನಾನು ಐದು ವರ್ಷದಲ್ಲಿ ಒಮ್ಮೆಯೂ ಮಲಗಿದವರ ಮುಖ ನೋಡಿರಲಿಲ್ಲ. ಎಲ್ಲರ ಮುಖದಲ್ಲೂ ಎಲ್ಲಿಗೋ ಹೋಗಿ ಬಾಗಿಲು ತಟ್ಟುತ್ತಿರುವಂಥ ಒಂದು ಕಾತರವಿತ್ತು. ಸುಮಾರು ಇಪ್ಪತ್ತು ನಿಮಿಷ ಕಳೆದಿರಬೇಕು. ಕಸ್ತೂರಿಯ ಬಲಗೈ ಎದೆಯ ಮೇಲೆ ಅಲುಗಿತು. ಅಂಗೈ ಕೆಳಗಾಗಿ, ಬೆರಳು ಬಾಗಿ, ಮೆಲ್ಲಗೆ ಒತ್ತಿತು. ಮುಚ್ಚಳ ಗಟ್ಟಿಯಾಗಿ ಕೂರಲೆಂದು ಅವಳು ಒತ್ತುವ ರೀತಿ ಅದು. ನನಗೆ ಚೆನ್ನಾಗಿ ಗೊತ್ತು. ಮೂರು ಮಂಚದಾಚೆ ದಾವಲಬಿ ಅಕ್ಕನ ಎರಡೂ ಕೈ ಹೊಟ್ಟೆಯ ಮೇಲೆ ಮೇಲ್ಮುಖವಾಗಿ ತೆರೆದುಕೊಂಡವು. ಅವರ ಹೆಬ್ಬೆರಳು ಏನನ್ನೋ ಎತ್ತಿತು, ತುಟಿಯಲ್ಲಿ ಒಂದು ಸಣ್ಣ ನಗೆ ಬಂದು ಹೋಯಿತು.

ಎದ್ದ ಮೇಲೆ ಕಸ್ತೂರಿ ಕನಸು ಹೇಳಿದಳು. ಚಾಳದ ಗೋಡೆಗಳೆಲ್ಲ ಬಿದ್ದಿದ್ದವಂತೆ, ಆದರೆ ಯಾರೂ ಹೋಗಿರಲಿಲ್ಲವಂತೆ. ಗೋಡೆಯಿದ್ದ ಜಾಗದಲ್ಲಿ ಹೆಂಗಸರು ಸಾಲಾಗಿ ನಿಂತು ಡಬ್ಬಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರಂತೆ. ಯಾವುದೂ ಖಾಲಿ ಇರಲಿಲ್ಲವಂತೆ.

ಮೇಡಂ ಚೀಟಿಗಳೊಂದಿಗೆ ಹೊರಬಂದರು. ಕಸ್ತೂರಿಗೆ ಏಳುನೂರ ಐವತ್ಮೂರು, ದಾವಲಬಿ ಅಕ್ಕನಿಗೆ ಏಳುನೂರ ಎಪ್ಪತ್ತು. ನನ್ನ ಹತ್ತಿರ ಬಂದು, "ಕಡದಲ್ಲೇ ಕೂಡ್ಯಾವ, ಮೊದಲಿಗಿಂತ ಗಟ್ಟ್ಯಾಗಿ. ಒಂದು ಗಂಟು ಬಿದ್ದದ, ಅದು ಹಂಗ ಇರ್ತದ" ಎಂದು ಮೆಲ್ಲಗೆ ಹೇಳಿ ಹೋದರು.

ದೀಪಾವಳಿಗೆ ಎಂಟು ದಿನ ಮೊದಲು ಹದಿನೇಳನೇ ನಂಬರಿಗೆ ಬಂದೆವು. ಕಸ್ತೂರಿ ಮೊದಲ ಮೊಳೆಯನ್ನು ತಾನೇ ಹೊಡೆದಳು. ಅದು ಸೊಟ್ಟಗೆ ಹೋಯಿತು. ಫೋಟೋದಲ್ಲಿ ನಾವಿಬ್ಬರೂ ಈಗಲೂ ಸ್ವಲ್ಪ ಎಡಕ್ಕೆ ವಾಲಿದ್ದೇವೆ. ಸರಿಮಾಡಲು ಬಿಡುವುದಿಲ್ಲ ಅವಳು. ಐದು ಬಾಗಿಲು ಆಚೆ ದಾವಲಬಿ ಅಕ್ಕ ಇದ್ದಾರೆ. ಈಗ ಎರಡು ಡಬ್ಬಿ ಓಡಾಡುತ್ತವೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಒಂದು ಮಧ್ಯಾಹ್ನ ಗವಸುಗಳನ್ನು ದಿಂಬಿಗೆ ಹಾಕುತ್ತಾ ನನಗೆ ಜೊಂಪು ಹತ್ತಿತು. ಖಾಲಿ ಮಂಚವೊಂದರ ದಿಂಬಿನ ಮೇಲೆ ತಲೆಯಿಟ್ಟೆ. ಎಚ್ಚರವಾದಾಗ ಮೇಡಂ ಬಾಗಿಲಲ್ಲಿದ್ದರು.

"ನಿಮ್ಮ ಗೆರಿ ನೋಡಿದೆ" ಎಂದರು. "ನೋಡಬಾರದಿತ್ತು, ಖರೆ. ಒಂದು ನೀಲಿ ಅದ, ಹೊಸಾದು. ಪಕ್ಕದಾಗ ಒಂದ್ ಎಳೀ ಹಳದಿ ಇಲ್ಲ. ಮನ್ಯಾಗ ಇನ್ನೂ ಹೇಳಿಲ್ಲೇನು?"

ಹೇಳಿರಲಿಲ್ಲ. ಅಂಕ ಬಂತಲ್ಲ, ಇನ್ನೇಕೆ ಎಂದು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆ.

ಆ ಸಂಜೆ ಕಸ್ತೂರಿಗೆ ಎಲ್ಲವನ್ನೂ ಹೇಳಿದೆ. ಕದ್ದು ಫೈಲು ನೋಡಿದ್ದು, ತಪ್ಪು ಓದಿದ್ದು, ಅಕ್ಕನ ಅಂಕ ಇಳಿಸಿದ್ದು, ಅವಳು ಕಣ್ಣು ತುಂಬಿಕೊಂಡು ಹೊರಟಾಗ ಸುಮ್ಮನಿದ್ದದ್ದು. ಅವಳು ಪೂರ್ತಿ ಕೇಳಿದಳು. ಎದ್ದು ಹಲಗೆಯ ಮೇಲಿನಿಂದ ದಾವಲಬಿ ಎಂದು ಬರೆದ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಖಾಲಿ ಇತ್ತು.

"ಇದನ್ನ ನೀವ ತುಂಬ್ರಿ. ನೀವ ಕೊಟ್ಟು ಬರ್ರಿ. ಎಲ್ಲಾ ಹೇಳಿ ಬರ್ರಿ" ಎಂದು ಹೇಳಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಳು.

ನನಗೆ ಚಟ್ನಿ ಕುಟ್ಟಲು ಬರುವುದಿಲ್ಲ, ಅವಲಕ್ಕಿ ಹಚ್ಚಲು ಬರುವುದಿಲ್ಲ. ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತೆ. ಕೊನೆಗೆ ಹಳೆಯ ಪೇಪರಿನಲ್ಲಿ ಒಂದು ಪೊಟ್ಟಣ ಸಕ್ಕರೆ, ಒಂದು ಪೊಟ್ಟಣ ಚಹಾಪುಡಿ ಕಟ್ಟಿದೆ. ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಐದು ಬಾಗಿಲು ದಾಟಿದೆ.

ದಾವಲಬಿ ಅಕ್ಕ ಕೌದಿಯಿಂದ ತಲೆಯೆತ್ತಿದರು. "ಏನಪಾ ಬಸವಂತಣ್ಣ, ನೀ ಬಂದಿ?" ಎಂದರು.

"ಒಂದು ಮಾತು ಹೇಳೂದೈತ್ರಿ ಅಕ್ಕಾ" ಎಂದೆ. ಡಬ್ಬಿ ಕೊಟ್ಟೆ. ಅವರು ಮುಚ್ಚಳ ತೆಗೆದು ನೋಡಿದರು. ಎರಡು ಪೊಟ್ಟಣಗಳನ್ನು ಮುಟ್ಟಿ ನೋಡಿದರು. ಆಮೇಲೆ ಕೌದಿಯನ್ನು ಒಂದು ಬದಿಗೆ ಸರಿಸಿ ನನಗೆ ಕೂರಲು ಜಾಗ ಮಾಡಿದರು.